ಹರಕೆಯ ಮುಡಿ

ಉಜಿರೆಯಿಂದ ಧರ್ಮಸ್ಥಳಕ್ಕೆ ಸುಮಾರು 9 ಕಿಲೋಮೀಟರ್ ದಾರಿ. ಶ್ರೀ ಮಂಜುನಾಥನಿಗೆ ಮಕ್ಕಳ ಮುಡಿಯೊಪ್ಪಿಸಲು ಹೊರಟ ಅನೇಕ ಸಂಸಾರಗಳು ನಮ್ಮ ಪೇಟೆಯನ್ನು ಹಾದುಹೋಗುತ್ತವೆ. ಹೆಗಲವರೆಗೆ ಕೂದಲಿಳಿದ ಗಂಡುಮಕ್ಕಳು ಇಲ್ಲಿ ಅಪೂರ್ವವಲ್ಲ.

ನಮ್ಮ ಮನೆಯಲ್ಲಿಯೂ ಅಂತಹವನೊಬ್ಬನಿರುವನು. ಹಸುಗೂಸಾಗಿದ್ದಾಗ ಮೊಮ್ಮಗನು ಕಾಯಿಲೆ ಬೀಳಲು, ಸೊಸೆಯು ಹರಕೆ ಹೊತ್ತಳು. ಮೂರು ವರ್ಷ ತುಂಬುವವರೆಗೆ ಅವನ ತಲೆಗೆ ಕತ್ತರಿ ಸೋಕದು. ದೇವರ ಕೂದಲನ್ನು ಬಾಚಬಾರದೆಂದು ಹೇಳಿದವರುಂಟು. ಆದರೆ ಹರಕೆಯಿರುವುದು ಕತ್ತರಿಸದಿರಲು ಮಾತ್ರ. ಕೂದಲು ದೇವರದಾದರೂ, ಅದನ್ನು ಹೊತ್ತ ತಲೆ ಮಗುವಿನದಷ್ಟೆ!

ವಾರಕ್ಕೆರಡು ಸಲ ತಲೆಸ್ನಾನ ಸಾಕು. ಸೀಗೆಪುಡಿ ಕಣ್ಣಿಗೆ ಉರಿಯಾದ್ದರಿಂದ ನಾವು ದಾಸವಾಳದ ಎಲೆಯ ಲೋಳೆಯನ್ನು ಬಳಸುತ್ತೇವೆ. ಬಳಿಕ ನಾಲ್ಕು ತೊಟ್ಟು ತೆಂಗಿನೆಣ್ಣೆ ಸವರಿ, ಬುಡವನ್ನು ಕೈಯಲ್ಲಿ ಹಿಡಿದು, ತುದಿಯಿಂದ ಮೇಲಕ್ಕೆ ಸ್ವಲ್ಪಸ್ವಲ್ಪವಾಗಿ ಸಿಕ್ಕು ಬಿಡಿಸಬೇಕು. ನಮ್ಮ ಮಳೆಗಾಲದಲ್ಲಿ ಒದ್ದೆಗೂದಲನ್ನು ಕಟ್ಟಲೇಬಾರದು. ಪೂರ್ತಿ ಆರಿದ ಮೇಲೆ ಎರಡು ಸಡಿಲ ಜಡೆ ಹೆಣೆಯಬಹುದು. ಸೆಕೆಗಾಲಕ್ಕೆ ನೆತ್ತಿಯ ಮೇಲಿನ ಗಂಟೇ ಹಿತ. ಬಿಗಿದು ಕಟ್ಟಿದರೆ ಹಣೆಯಂಚಿನ ಕೂದಲಿನ ಬುಡ ಸೋಲುವುದು.

ಹೇನು ಬಂದರೆ ನಾಚಿಕೆಪಡಬೇಕಾಗಿಲ್ಲ. ಅದು ಕೊಳೆಯಿಂದ ಹುಟ್ಟುವುದಲ್ಲ, ತಲೆಗೆ ತಲೆ ತಾಗಿ ಹತ್ತುವುದು. ಅದರ ಮೊಟ್ಟೆ ವಾರ ಹತ್ತು ದಿನಗಳಲ್ಲಿ ಒಡೆಯುವುದರಿಂದ, ಒಮ್ಮೆ ಬಾಚಿ ಬಿಟ್ಟರೆ ಸಾಲದು. ಒದ್ದೆಗೂದಲನ್ನು ಹೇನಿನ ಬಾಚಣಿಗೆಯಿಂದ ಎರಡು ಮೂರು ವಾರ ಬಾಚುತ್ತಿರಬೇಕು. ಕರ್ಪೂರದೆಣ್ಣೆ, ಸೀಮೆಎಣ್ಣೆಗಳನ್ನು ಮಾತ್ರ ಹಚ್ಚದಿರಿ. ಕರ್ಪೂರವು ಎಳೆಯ ಮಕ್ಕಳ ಮೈಗೆ ಸೇರಿದರೆ ಸೆಳವು ಬರುವ ಭಯವುಂಟು.

ಇವೆಲ್ಲಕ್ಕಿಂತ ಕಷ್ಟವಾದುದು ಜನರ ನಗೆ. ಅಂಗಡಿಯ ಮುಂದೆ ಯಾರೋ "ಏನು ಪುಟ್ಟಿ?" ಎಂದು ಕೆಣಕಿದ ದಿನ ಮೊಮ್ಮಗನು ಟವಲು ಹೊದ್ದುಕೊಂಡು ಕುಳಿತನು, ಎಷ್ಟು ಕರೆದರೂ ಜಡೆಗೆ ಕೈಗೊಡಲಿಲ್ಲ. ಅವನ ಮುತ್ತಜ್ಜನಿಗೂ ಉದ್ದನೆಯ ಜುಟ್ಟಿತ್ತೆಂದು ನಾವು ಹೇಳಿದಾಗ, "ಅಜ್ಜನೂ ಅಳುತ್ತಿದ್ದನೇ?" ಎಂದು ಕೇಳಿದನು. ಅಂದಿನಿಂದ ಮನೆಗೆ ಬಂದವರಿಗೆಲ್ಲ ಮೊದಲೇ ಹೇಳಿಬಿಡುತ್ತೇವೆ: ಅವನನ್ನು ಹೆಸರು ಹಿಡಿದು ಕರೆಯಿರಿ.

ಮುಡಿ ತೆಗೆಸುವ ದಿನ ಹೊಸ ಬ್ಲೇಡನ್ನೇ ಕೇಳಿರಿ. ನೆತ್ತಿಯಲ್ಲಿ ಹುಣ್ಣಿದ್ದರೆ ಅದು ಮಾಯುವವರೆಗೆ ತಡೆಯಿರಿ. ಇಷ್ಟು ಕಾಲ ಜೋಪಾನ ಮಾಡಿದ ತಲೆಗೆ ಕಡೆಯ ಗಳಿಗೆಯಲ್ಲಿ ಗಾಯವಾಗುವುದು ಬೇಡ.