ಆಪರೇಷನ್ ಮೇಜಿನ ಮೇಲೊಂದು ಬೆಚ್ಚನೆಯ ಹೊದಿಕೆ

ಆಪರೇಷನ್ ಎಂದೊಡನೆ ಮನೆಮಂದಿಯ ಕಣ್ಣಮುಂದೆ ಬರುವುದು ಕತ್ತರಿ, ಸೂಜಿ, ರಕ್ತದ ಬಾಟಲಿ. ಚಳಿಯ ಯೋಚನೆ ಯಾರಿಗೂ ಬರುವುದಿಲ್ಲ. ಆದರೆ ಶಸ್ತ್ರಚಿಕಿತ್ಸೆ ಮುಗಿದು ಎಚ್ಚರಗೊಂಡ ಎಷ್ಟೋ ರೋಗಿಗಳು ನೋವಿಗಿಂತ ಮೊದಲು ಹೇಳಿಕೊಳ್ಳುವುದು ಚಳಿಯನ್ನೇ. ಹಲ್ಲು ಕಟಕಟ ಎನ್ನುತ್ತದೆ, ಮಂಚ ಅಲುಗುವಂತೆ ಮೈ ನಡುಗುತ್ತದೆ. ಜ್ವರ ಬಂತೆಂದು ಬಂಧುಗಳು ಗಾಬರಿಯಾಗುತ್ತಾರೆ. ಹೆಚ್ಚಿನ ಸಲ ನಡೆದಿರುವುದು ಇದಕ್ಕೆ ತದ್ವಿರುದ್ಧ. ರೋಗಿಯ ಮೈ ತಣ್ಣಗಾಗಿರುತ್ತದೆ.

ನಮ್ಮ ದೇಹದ ಒಳಗಿನ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್. ಅದನ್ನು ಕಾಯುವುದು ಮಿದುಳಿನ ಬುಡದಲ್ಲಿರುವ ಹೈಪೊಥಲಾಮಸ್. ಚಳಿಯಾದರೆ ಅದು ಚರ್ಮದ ರಕ್ತನಾಳಗಳನ್ನು ಕಿರಿದಾಗಿಸಿ, ಮೈಯನ್ನು ನಡುಗಿಸಿ ಶಾಖವನ್ನು ಉಳಿಸುತ್ತದೆ. ಅರಿವಳಿಕೆ ಕೊಟ್ಟಾಗ ಈ ಕಾವಲುಗಾರನಿಗೂ ಮಂಪರು. ರಕ್ತನಾಳಗಳು ಹಿಗ್ಗುತ್ತವೆ, ಒಡಲೊಳಗಿನ ಬಿಸಿ ಕೈಕಾಲುಗಳಿಗೆ ಹರಿದುಹೋಗುತ್ತದೆ. ಮೊದಲ ಒಂದು ಗಂಟೆಯಲ್ಲೇ ಉಷ್ಣತೆ 1ರಿಂದ 1.5 ಡಿಗ್ರಿಯಷ್ಟು ಇಳಿಯಬಹುದು. ತಂಪು ಕೋಣೆ, ಹೊದಿಕೆಯಿಲ್ಲದ ಮೈ, ತೆರೆದ ಹೊಟ್ಟೆ, ತಣ್ಣನೆಯ ಸಲೈನ್ ಇವೆಲ್ಲ ಸೇರಿ ಅದನ್ನು ಇನ್ನಷ್ಟು ಇಳಿಸುತ್ತವೆ. 36 ಡಿಗ್ರಿಗಿಂತ ಕೆಳಗಿಳಿದರೆ ಅದನ್ನು ವೈದ್ಯರು ಹೈಪೊಥರ್ಮಿಯಾ ಎನ್ನುತ್ತಾರೆ.

ಒಂದೆರಡು ಡಿಗ್ರಿ ಇಳಿದರೆ ಏನು ಮಹಾ ಎನಿಸಬಹುದು. ಆಂಡ್ರಿಯಾ ಕುರ್ಜ್, ಡೇನಿಯಲ್ ಸೆಸ್ಲರ್ ಮತ್ತು ರೈನರ್ ಲೆನ್‌ಹಾರ್ಟ್ ಈ ಪ್ರಶ್ನೆಯನ್ನೇ ಪರೀಕ್ಷೆಗೆ ಒಡ್ಡಿದರು. 1996ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಇದ್ದವರು ದೊಡ್ಡ ಕರುಳಿನ ಶಸ್ತ್ರಚಿಕಿತ್ಸೆಗೆ ಒಳಗಾದ 200 ರೋಗಿಗಳು. ಎಲ್ಲರ ಮೇಲೂ ಗಾಳಿ ತುಂಬುವ ಹೊದಿಕೆ ಇತ್ತು. ಒಂದು ಗುಂಪಿಗೆ ಮಾತ್ರ ಬಿಸಿ ಗಾಳಿ, ಬಿಸಿ ಮಾಡಿದ ಸಲೈನ್. ಆ ಗುಂಪಿನವರ ಉಷ್ಣತೆ ಸರಾಸರಿ 36.6 ಡಿಗ್ರಿಯಲ್ಲಿ ಉಳಿಯಿತು, ಇನ್ನೊಂದು ಗುಂಪಿನವರದು 34.7ಕ್ಕೆ ಇಳಿಯಿತು. ಬೆಚ್ಚಗಿದ್ದವರಲ್ಲಿ ಗಾಯಕ್ಕೆ ಸೋಂಕು ತಗುಲಿದ್ದು ಶೇಕಡಾ 6 ಮಂದಿಗೆ, ತಣ್ಣಗಾದವರಲ್ಲಿ ಶೇಕಡಾ 19 ಮಂದಿಗೆ. ತಣ್ಣಗಾದವರು ಬೆಚ್ಚಗಿದ್ದವರಿಗಿಂತ ಸರಾಸರಿ ಎರಡೂವರೆ ದಿನಕ್ಕೂ ಹೆಚ್ಚು ಕಾಲ ಹೆಚ್ಚುವರಿಯಾಗಿ ಆಸ್ಪತ್ರೆಯಲ್ಲಿ ಉಳಿಯಬೇಕಾಯಿತು.

ಕಾರಣ ಸರಳ. ಮೈ ತಣ್ಣಗಾದಾಗ ಚರ್ಮಕ್ಕೆ ರಕ್ತ ಕಡಿಮೆ ಹರಿಯುತ್ತದೆ, ಗಾಯಕ್ಕೆ ಸಾಕಷ್ಟು ಆಮ್ಲಜನಕ ಸಿಗುವುದಿಲ್ಲ. ಆಮ್ಲಜನಕವಿಲ್ಲದೆ ಬಿಳಿ ರಕ್ತಕಣಗಳು ರೋಗಾಣುಗಳನ್ನು ಕೊಲ್ಲಲಾರವು. ಜೊತೆಗೆ ರಕ್ತ ಹೆಪ್ಪುಗಟ್ಟುವುದು ನಿಧಾನವಾಗುತ್ತದೆ, ಅರಿವಳಿಕೆಯ ಮದ್ದಿನ ಪ್ರಭಾವ ಬೇಗ ಇಳಿಯುವುದಿಲ್ಲ.

ಹಾಗೆಂದು ಬಿಸಿ ಹೆಚ್ಚಿದಷ್ಟೂ ಒಳ್ಳೆಯದೆಂದು ತಿಳಿಯಬಾರದು. ಅದೇ ಸೆಸ್ಲರ್ ಅವರ ತಂಡ 2022ರಲ್ಲಿ, ಚೀನಾ ಮತ್ತು ಅಮೆರಿಕದ 5,000ಕ್ಕೂ ಹೆಚ್ಚು ರೋಗಿಗಳ ಅಧ್ಯಯನವನ್ನು ಪ್ರಕಟಿಸಿತು. ರೋಗಿಗಳನ್ನು 37 ಡಿಗ್ರಿಯಲ್ಲಿ ಇರಿಸಿದ್ದರಿಂದ 35.5ರಲ್ಲಿ ಇರಿಸಿದ್ದಕ್ಕಿಂತ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಮುಖ್ಯವಾದದ್ದು ಮೈ ತೀರಾ ತಣ್ಣಗಾಗದಂತೆ ನೋಡಿಕೊಳ್ಳುವುದು. ತಾನೇ ಕಂಡ ಸತ್ಯವನ್ನು ಮತ್ತೆ ಒರೆಗೆ ಹಚ್ಚುವುದೇ ವಿಜ್ಞಾನದ ದಾರಿ ಎಂಬುದನ್ನು ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕು.

ಮನೆಯವರು ಮಾಡಬಹುದಾದದ್ದೂ ಇದೆ. ಥಿಯೇಟರಿಗೆ ಕರೆದೊಯ್ಯುವ ಮುಂಚಿನ ಕಾಯುವ ಹೊತ್ತಿನಲ್ಲಿ ರೋಗಿಗೆ ಚೆನ್ನಾಗಿ ಹೊದಿಸಿರಬೇಕು. ಮೊದಲೇ ಬೆಚ್ಚಗಿರುವ ಮೈ ಅರಿವಳಿಕೆ ಕೊಟ್ಟಾಗ ಅಷ್ಟಾಗಿ ತಣ್ಣಗಾಗುವುದಿಲ್ಲ. ಚಳಿಯಾದರೆ ಸಂಕೋಚಪಡದೆ ನರ್ಸಮ್ಮನಿಗೆ ಹೇಳಬೇಕು. ಮಕ್ಕಳು ಮತ್ತು ವಯಸ್ಸಾದವರ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಆದರೆ ಬೆನ್ನಿಗೆ ಚುಚ್ಚುಮದ್ದು ಕೊಟ್ಟು ಮರಗಟ್ಟಿಸಿದ ಕಾಲಿಗೆ ಪ್ರೀತಿಯಿಂದಲೂ ಬಿಸಿನೀರಿನ ಚೀಲ ಇಡಬಾರದು. ಸುಟ್ಟರೂ ರೋಗಿಗೆ ತಿಳಿಯುವುದಿಲ್ಲ.

ಅಜ್ಜಿಯಂದಿರು ಬಾಣಂತಿಯನ್ನೂ ಕೂಸನ್ನೂ ಬೆಚ್ಚಗಿರಿಸುತ್ತಿದ್ದುದು ಅನುಭವದ ಬಲದಿಂದ. ಆಪರೇಷನ್ ಕೋಣೆ ಅದನ್ನು ಥರ್ಮಾಮೀಟರ್ ಹಿಡಿದು ಕಲಿತಿದೆ. ಅಲ್ಲಿ ಹೊದಿಕೆ ಬರೀ ಉಪಚಾರವಲ್ಲ, ಚಿಕಿತ್ಸೆಯ ಒಂದು ಭಾಗ.