ಹೊಸ ಅಕ್ಕಿಯ ಪಾಲು

ಹಬ್ಬಗಳು ಯಾವ ಮತದವೇ ಆಗಿರಲಿ, ಅವುಗಳ ಬೇರು ಮಣ್ಣಿನಲ್ಲಿಯೂ ಮನೆತನದಲ್ಲಿಯೂ ಇರುತ್ತದೆ. ಬೆಳೆ ಕೈಗೆ ಬಂದಾಗ ಮೊದಲು ದೇವರನ್ನು ನೆನೆಯಬೇಕು, ಅನಂತರ ಮನೆಮಂದಿಯೆಲ್ಲ ಕೂಡಿ ಉಣ್ಣಬೇಕು ಎಂಬುದು ನಮ್ಮ ನಾಡಿನ ಒಕ್ಕಲು ಮಕ್ಕಳೆಲ್ಲರೂ ನಡೆಸಿಕೊಂಡು ಬಂದ ರೀತಿ. ಬಯಲುಸೀಮೆಯ ನಾವು ಎಳ್ಳಮಾವಾಸ್ಯೆಯಂದು ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಬಂಧುಬಾಂಧವರೊಡನೆ ಅಲ್ಲಿಯೇ ಕುಳಿತು ಊಟ ಮಾಡುವುದನ್ನು ಓದುಗರೆಲ್ಲ ಬಲ್ಲರು. ಅದಕ್ಕೆ ಹತ್ತಿರವಾದ ಹಬ್ಬವೊಂದನ್ನು ಕರಾವಳಿಯ ಕ್ರೈಸ್ತ ಬಂಧುಗಳು ಪ್ರತಿವರ್ಷ ಸೆಪ್ಟೆಂಬರ್ 8ರಂದು ಆಚರಿಸುತ್ತಾರೆ. ಅದಕ್ಕೆ ‘ಮೊಂತಿ ಫೆಸ್ತ್’ ಎಂದು ಹೆಸರು, ಕನ್ನಡದಲ್ಲಿ ತೆನೆಹಬ್ಬವೆನ್ನುವರು. 2024ರಲ್ಲಿ ಈ ಹಬ್ಬಕ್ಕಾಗಿ ನಾವು ದಂಪತಿಗಳು ಬಂಟ್ವಾಳ ತಾಲ್ಲೂಕಿನ ಒಂದು ಹಳ್ಳಿಗೆ ಹೋಗಿ, ಮಿತ್ರರೊಬ್ಬರ ಮನೆಯಲ್ಲಿ ಎರಡು ದಿನ ಉಳಿದೆವು. ಮಿತ್ರರು ಧಾರವಾಡದಲ್ಲಿ ನಮ್ಮೊಡನೆ ಅನೇಕ ವರ್ಷ ನೌಕರಿ ಮಾಡಿ, ನಿವೃತ್ತರಾದ ಮೇಲೆ ಹುಟ್ಟೂರಿಗೆ ಮರಳಿದವರು.

ಆ ವರ್ಷ ಗಣೇಶ ಚತುರ್ಥಿಯು ಸೆಪ್ಟೆಂಬರ್ 7ರ ಶನಿವಾರ ಬಂದಿತ್ತು. ಮರುದಿನ ರವಿವಾರವೇ ತೆನೆಹಬ್ಬ. ಹೀಗಾಗಿ ಊರಿಗೆ ಊರೇ ಎರಡು ದಿನ ಹಬ್ಬದಲ್ಲಿತ್ತು. ಕಬ್ಬಿನ ಜಲ್ಲೆಗಳನ್ನು ರಾಶಿ ಹಾಕಿ ಮಾರುತ್ತಿದ್ದ ವ್ಯಾಪಾರಿಗೆ ಚೌತಿಯ ಗಿರಾಕಿ ಯಾರು, ಮೊಂತಿ ಹಬ್ಬದ ಗಿರಾಕಿ ಯಾರು ಎಂದು ಕೇಳುವ ಅಗತ್ಯವೇ ಇರಲಿಲ್ಲ. ಶನಿವಾರ ನೆರೆಮನೆಯಿಂದ ಪಂಚಕಜ್ಜಾಯ ಬಂದಿತು. ಅದೇ ಸಂಜೆ ಮುಂಬಯಿಯಿಂದ ಮಿತ್ರರ ಸೋದರಿಯ ಕುಟುಂಬ, ಬೆಂಗಳೂರಿನಿಂದ ಮಗ, ಸೊಸೆ, ಮೊಮ್ಮಕ್ಕಳು ಬಂದಿಳಿದರು. ಹಜಾರದ ತುಂಬ ಚಾಪೆ ಹಾಸಿ ಮಕ್ಕಳನ್ನು ಮಲಗಿಸಿದರು.

ಮನೆಗೆ ಹಿರಿಯರೆಂದರೆ ಮಿತ್ರರ ತಾಯಿ, ಎಂಬತ್ತಾರು ವಯಸ್ಸಿನವರು. ಎಲ್ಲರೂ ಅವರನ್ನು ‘ಮಾಂಯ್’ ಎಂದು ಕರೆಯುತ್ತಿದ್ದರು. ಕೊಂಕಣಿಯಲ್ಲಿ ಹಾಗೆಂದರೆ ತಾಯಿ. ನಾವೂ ಹಾಗೆಯೇ ಕರೆದೆವು.

ಈ ಹಬ್ಬದ ಹಿನ್ನೆಲೆಯನ್ನು ಮಿತ್ರರು ಆ ರಾತ್ರಿ ವಿವರಿಸಿದರು. ಸೆಪ್ಟೆಂಬರ್ 8 ಯೇಸುವಿನ ತಾಯಿ ಮರಿಯಮ್ಮನವರ ಜನ್ಮದಿನ. ಅದಕ್ಕೆ ಮೊದಲು ಆಗಸ್ಟ್ 30ರಿಂದ ಒಂಬತ್ತು ದಿನ ಚರ್ಚಿನಲ್ಲಿ ವಿಶೇಷ ಪ್ರಾರ್ಥನೆ ನಡೆಯುತ್ತದೆ. ಮಕ್ಕಳು ನಿತ್ಯ ಹೂ ತಂದು ಬಾಲ ಮರಿಯಮ್ಮನ ಮೂರ್ತಿಗೆ ಅರ್ಪಿಸುತ್ತಾರೆ. ನೇತ್ರಾವತಿಯ ದಡದ ಫರಂಗಿಪೇಟೆಯಲ್ಲಿರುವ ಮೊಂತೆ ಮರಿಯಾನೊ, ಅಂದರೆ ಮರಿಯಮ್ಮನ ಬೆಟ್ಟವೆಂಬ ಚರ್ಚಿನಿಂದ ‘ಮೊಂತಿ’ ಎಂಬ ಹೆಸರು ಬಂದಿತೆಂದೂ, ಗೋವೆಯ ಧರ್ಮಗುರು ಜೋಕಿಂ ಮಿರಾಂದರು 1763ರಲ್ಲಿ ಅಲ್ಲಿ ಈ ಹಬ್ಬವನ್ನು ಆರಂಭಿಸಿದರೆಂದೂ ಪರಂಪರೆ ಹೇಳುತ್ತದೆ. 1784ರಲ್ಲಿ ಟಿಪ್ಪು ಸುಲ್ತಾನನು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. 1799ರಲ್ಲಿ ಅವನು ಮಡಿದ ಮೇಲೆ ಉಳಿದವರು ಹಿಂದಿರುಗಿ ಮತ್ತೆ ಬೇಸಾಯ ಹಿಡಿದರು. ಒಡೆದುಹೋಗಿದ್ದ ಕುಟುಂಬಗಳು ಮತ್ತೆ ಕೂಡಿ ಉಣ್ಣುವುದಕ್ಕೆ ಆ ಜನರಲ್ಲಿ ಎಷ್ಟು ಬೆಲೆಯಿದ್ದೀತೆಂಬುದನ್ನು ಯಾರಾದರೂ ಊಹಿಸಬಹುದು.

ಆದರೆ ಮಿತ್ರರ ಮನೆಯೇ ಮೂರು ವರ್ಷಗಳಿಂದ ಒಡೆದಿತ್ತು. ತಂದೆಯ ಗದ್ದೆಯನ್ನು ಅಣ್ಣತಮ್ಮಂದಿರು ಹಂಚಿಕೊಂಡಿದ್ದರು. ಬೇಸಾಯಕ್ಕೆ ಆಳು ಸಿಗದೆ, ಸಿಕ್ಕಿದರೂ ಕೂಲಿ ಗಿಟ್ಟದೆ, ತಮ್ಮನು ತನ್ನ ಪಾಲಿನ ಗದ್ದೆಗೆ ಮಣ್ಣು ತುಂಬಿಸಿ ಅಡಿಕೆ ಸಸಿ ನೆಟ್ಟನು. ಅದರಿಂದ ಮಳೆನೀರು ಹರಿದುಹೋಗುವ ದಾರಿ ಕಟ್ಟಿತು. ಅಣ್ಣನ ಗದ್ದೆಯಲ್ಲಿ ನೀರು ನಿಂತು ಪೈರು ಕೊಳೆಯಿತು. ಮರುವರ್ಷದಿಂದ ಅದು ಹಡಿಲು ಬಿದ್ದಿತು. ಹಿಂದೆ ಚರ್ಚಿನ ತೆನೆಹಬ್ಬಕ್ಕೆ ತೆನೆ ಹೋಗುತ್ತಿದ್ದುದು ಅದೇ ಗದ್ದೆಯಿಂದ! ಈಗ ಅಲ್ಲಿ ಹುಲ್ಲು ಬೆಳೆದು ದನ ಮೇಯುತ್ತಿದ್ದವು. ಸಹೋದರರ ನಡುವೆ ಮಾತು ನಿಂತಿತ್ತು. ಎರಡು ಮನೆಗಳ ನಡುವಿನ ದೂರ ಎರಡು ಫರ್ಲಾಂಗು ಮಾತ್ರ.

ರವಿವಾರ ಬೆಳಿಗ್ಗೆ ಜಿನುಗು ಮಳೆಯಲ್ಲಿಯೇ ಚರ್ಚಿಗೆ ಹೋದೆವು. ಅಂಗಳದ ಶಿಲುಬೆಯ ಬಳಿ ಧರ್ಮಗುರುಗಳು ತೆನೆಗಳನ್ನು ಆಶೀರ್ವದಿಸಿದರು. ಮಕ್ಕಳು ಹೂ ಎರಚುತ್ತ ಮೆರವಣಿಗೆಯಲ್ಲಿ ನಡೆದರು. ಬಲಿಪೂಜೆಯ ಬಳಿಕ ಮಕ್ಕಳಿಗೆ ಕಬ್ಬನ್ನೂ ಪ್ರತಿ ಕುಟುಂಬಕ್ಕೆ ತೆನೆಯನ್ನೂ ಹಂಚಿದರು. ಅಣ್ಣನ ಕುಟುಂಬಕ್ಕೊಂದು ತೆನೆ, ತಮ್ಮನ ಕುಟುಂಬಕ್ಕೊಂದು ತೆನೆ. ಒಂದೇ ಸಾಲಿನಲ್ಲಿ ನಿಂತು ತೆನೆ ಪಡೆದ ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡದೆ ಮನೆಗೆ ತಿರುಗಿದರು.

ಮನೆಯಲ್ಲಿ ಅಡಿಗೆಯ ಸಂಭ್ರಮ. ಆ ದಿನ ಮೀನು ಮಾಂಸಗಳನ್ನು ಬೇಯಿಸುವ ಪದ್ಧತಿಯಿಲ್ಲ. ಮೂರು, ಐದು, ಏಳು ಹೀಗೆ ಬೆಸ ಸಂಖ್ಯೆಯಲ್ಲಿ ತರಕಾರಿಯ ವ್ಯಂಜನಗಳನ್ನು ಮಾಡಿ ಬಾಳೆಯೆಲೆಯಲ್ಲಿ ಬಡಿಸುತ್ತಾರೆ. ಅಮಟೆಕಾಯಿ ಹಾಕಿದ ಕೆಸುವಿನ ದಂಟು, ಗೋಡಂಬಿ ಬೆರೆಸಿದ ತೊಂಡೆಕಾಯಿ, ಬೆಂಡೆ, ಹೀರೆ, ಹಾಗಲ, ಅಲಸಂದೆ, ಕಡಲೆ ಹೀಗೆ ಏಳು ಬಗೆ. ಜೊತೆಗೆ ತೆಂಗಿನ ಹಾಲು ಬೆಲ್ಲಗಳ ಪಾಯಸ. ನಮ್ಮ ಶ್ರೀಮತಿಯವರು ಸಂಕೋಚವಿಲ್ಲದೆ ಅಡಿಗೆಮನೆ ಸೇರಿ ಕಾಯಿ ತುರಿದುಕೊಟ್ಟರು.

ಊಟಕ್ಕೆ ಮೊದಲು ಹೊಸ ಅಕ್ಕಿಯ ವಿಧಿಯಿದೆ. ಮನೆಯ ಯಜಮಾನನು ತೆನೆಯ ಕಾಳುಗಳನ್ನು ಸುಲಿದು, ಪುಡಿ ಮಾಡಿ, ತೆಂಗಿನ ಹಾಲಿನಲ್ಲಿ ಬೆರೆಸಿ, ಪ್ರಾರ್ಥನೆಯ ನಂತರ ಪ್ರತಿಯೊಬ್ಬರಿಗೂ ಕೊಡಬೇಕು. ಇದನ್ನು ‘ನೊವೆಂ’ ಎನ್ನುತ್ತಾರೆ. ಹೊಸತು ಎಂದು ಅರ್ಥ. ಮಿತ್ರರು ತೆನೆಯನ್ನು ಕೈಗೆತ್ತಿಕೊಂಡಾಗ ಮಾಂಯ್ ತಡೆದರು.

“ಸ್ವಲ್ಪ ನಿಲ್ಲು” ಎಂದವರೇ ಕೊಡೆ ಹಿಡಿದು ಅಂಗಳಕ್ಕಿಳಿದರು. ಮೊಮ್ಮಗಳು ಓಡಿಹೋಗಿ ಕೈ ಹಿಡಿದಳು. ಜಾರುವ ಗದ್ದೆಯ ಹುಣಿಯ ಮೇಲೆ ಆ ವೃದ್ಧೆ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಕಿರಿಯ ಮಗನ ಮನೆಯತ್ತ ನಡೆದುದನ್ನು ನಾವೆಲ್ಲ ಜಗಲಿಯಲ್ಲಿ ನಿಂತು ನೋಡಿದೆವು. ಮಿತ್ರರು ಒಂದು ಮಾತನ್ನೂ ಆಡಲಿಲ್ಲ. ಒಳಗೆ ಹೋಗಿ ಕುಳಿತುಕೊಳ್ಳಲೂ ಇಲ್ಲ.

ಅಲ್ಲಿ ಅವರು ಹೇಳಿದ್ದನ್ನು ಮೊಮ್ಮಗಳಿಂದ ಆಮೇಲೆ ತಿಳಿದೆವು. “ಗದ್ದೆ ಎರಡಾಯಿತು, ತೆನೆ ಎರಡಾಯಿತು. ನಾನು ಎರಡು ಕಡೆ ಉಣ್ಣುವವಳಲ್ಲ. ನಿನ್ನ ತೆನೆಯನ್ನು ತೆಗೆದುಕೊಂಡು ಬಾ.” ಇಷ್ಟೇ ಮಾತು. ನ್ಯಾಯ ಯಾರ ಕಡೆಗಿದೆ ಎಂದು ಅವರು ಹೇಳಲಿಲ್ಲ, ಬುದ್ಧಿವಾದವನ್ನೂ ಹೇಳಲಿಲ್ಲ.

ಅರ್ಧ ಗಂಟೆಯ ಬಳಿಕ ತಮ್ಮನು ಹೆಂಡತಿ ಮಕ್ಕಳೊಡನೆ ಬಂದನು. ಕೈಯಲ್ಲಿದ್ದ ತೆನೆಯನ್ನು ಅಣ್ಣನಿಗೆ ಕೊಡದೆ, ದೇವರ ಪೀಠದ ಮುಂದಿಟ್ಟನು. ಅಣ್ಣನು ಎರಡೂ ತೆನೆಗಳನ್ನು ಎತ್ತಿಕೊಂಡು ಒಂದೇ ತಟ್ಟೆಯಲ್ಲಿ ಕಾಳು ಸುಲಿದನು. ಯಾವುದು ಯಾರದೆಂದು ಹೇಳುವಂತಿರಲಿಲ್ಲ. ಮೊದಲ ಪಾಲು ಮಾಂಯ್‌ಗೆ, ಎರಡನೆಯದು ತಮ್ಮನಿಗೆ. ಅತಿಥಿಗಳಾದ ನಮಗೂ ಒಂದೊಂದು ಚಮಚ ದೊರೆಯಿತು. ದೂರದ ದುಬೈಯಲ್ಲಿದ್ದ ಮಗಳಿಗೆಂದು ನಾಲ್ಕು ಕಾಳುಗಳನ್ನು ಕಾಗದದಲ್ಲಿ ಕಟ್ಟಿ ತೆಗೆದಿಟ್ಟರು.

ಊಟ ಮುಗಿಯುವವರೆಗೆ ಸಹೋದರರು ಮಾತನಾಡಲಿಲ್ಲ. ಕೈ ತೊಳೆಯುವಾಗ ತಮ್ಮನು, “ಆ ಹುಣಿಯ ಅಡಿಗೆ ಒಂದು ಮೋರಿ ಹಾಕಿಸಿದರೆ ನೀರು ಹೋಗಬಹುದು” ಎಂದನು. ಅಣ್ಣನು, “ನೋಡುವ” ಎಂದನು. ಕೊಂಕಣಿಯ ಈ ಎರಡು ಮಾತುಗಳ ಅರ್ಥವನ್ನು ಮಿತ್ರರ ಪತ್ನಿಯವರು ನಮಗೆ ತಿಳಿಸಿದಾಗ ಅವರ ಕಣ್ಣು ತುಂಬಿತ್ತು.

ಗದ್ದೆಯ ತಕರಾರು ಅಂದೇ ಬಗೆಹರಿಯಿತೆಂದು ನಾವು ಬರೆಯಲಾರೆವು. ಆಸ್ತಿಯ ಪಾಲು ಆಗಲೇಬೇಕಾದ ಕಾಲ ಬಂದರೆ ಆಗಲಿ. ಅದಕ್ಕೆ ಕಾಯಿದೆಯಿದೆ, ಪಂಚರಿದ್ದಾರೆ. ಆದರೆ ಹಬ್ಬದ ದಿನ ಒಂದೇ ಪಾತ್ರೆಯಿಂದ ಉಣ್ಣಬೇಕೆಂಬ ಕಟ್ಟಳೆಯನ್ನು ಹಿರಿಯರು ಮಾಡಿಟ್ಟಿರುವುದು ಸುಮ್ಮನೆ ಅಲ್ಲ. ಮಾತು ನಿಂತ ಮನೆಯಲ್ಲಿ ಮೊದಲ ಮಾತಿಗೊಂದು ನೆಪ ಬೇಕು. ಹಬ್ಬವು ವರ್ಷಕ್ಕೊಮ್ಮೆಯಾದರೂ ಆ ನೆಪವನ್ನು ಒದಗಿಸುತ್ತದೆ. ನಮ್ಮ ನಮ್ಮ ಮನೆಗಳ ಹಬ್ಬಗಳಲ್ಲಿಯೂ ಬಾರದೆ ಉಳಿದ ಅಣ್ಣನೋ ತಮ್ಮನೋ ಅಕ್ಕತಂಗಿಯರೋ ಇದ್ದಾರು. ಎಲೆ ಹಾಕುವ ಮೊದಲು ಅವರನ್ನು ಕರೆಯಲು ಯಾರಾದರೊಬ್ಬರು ಹೊಸ್ತಿಲು ದಾಟಲಿ ಎಂಬುದೇ ನಮ್ಮ ಹಾರೈಕೆ.