ಗಾಳಿಗೆ ಒಂದೇ ಬಾಗಿಲು

1/7
ಡಿಎಂನಲ್ಲಿ ಜಾಸ್ತಿ ಬಂದಿರೋ ಪ್ರಶ್ನೆ ಇದು: "ಬರೀ ಗಾಳಿ ಹೋಗೋ ಪೈಪ್ ಮಾಡೋಕೆ ನಾಲ್ಕು ತಿಂಗಳು ಬೇಕಾ ಗುರು?" ಒಂದು ಸ್ಟೋರಿಯಲ್ಲಿ ಉತ್ತರ ಹೇಳಿ ಮುಗಿಸೋಕಾಗಲ್ಲ, ಅದಕ್ಕೆ ಈ ಸೀರೀಸ್. ನಮ್ಮ ಶಿವನಿ ಹುಡುಗ್ರು, ನನ್ನ ಕ್ಲಾಸ್‌ನವರು, ಮುಂದಿನ ವರ್ಷ ಮೆಕ್ಯಾನಿಕಲ್ ತಗೊಳ್ಳೋಣ ಅಂತಿರೋರು ನಿಧಾನಕ್ಕೆ ಓದಿ. ಫೋಟೋದಲ್ಲಿ ಕಪ್ಪಗೆ ಸೋರೆಕಾಯಿ ತರ ಕಾಣ್ತಿರೋದೇ ನಮ್ಮ ಇನ್‌ಟೇಕ್.

ಕಾರು ಯಾವುದು ಅಂದ್ರೆ ಫಾರ್ಮುಲಾ ಸ್ಟೂಡೆಂಟ್. ವಿದ್ಯಾರ್ಥಿಗಳೇ ಡಿಸೈನ್ ಮಾಡಿ, ತಾವೇ ಕಟ್ಟಿ ಓಡಿಸೋ ಒಂಟಿ ಸೀಟಿನ ರೇಸ್ ಕಾರು. 1981ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಶುರುವಾದ ಸ್ಪರ್ಧೆ ಇದು. ನಮ್ಮ ದೇಶದಲ್ಲಿ ಫಾರ್ಮುಲಾ ಭಾರತ್ ಅಂತ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ನಡೆಯುತ್ತೆ. ನಮ್ಮ ಕಾರಿನ ಹಿಂದೆ ಕೂತಿರೋದು ಕೆಟಿಎಂ 390 ಬೈಕಿನ ಎಂಜಿನ್. ಒಂದೇ ಸಿಲಿಂಡರ್, 373 ಸಿಸಿ.

2/7
ಇಲ್ಲಿ ಒಂದು ರೂಲ್ ಇದೆ, ಆಟವೆಲ್ಲಾ ಅದರ ಮೇಲೇ. ಪೆಟ್ರೋಲ್ ಎಂಜಿನ್‌ಗೆ ಹೋಗೋ ಅಷ್ಟೂ ಗಾಳಿ 20 ಮಿಲಿಮೀಟರ್ ವ್ಯಾಸದ ಒಂದೇ ತೂತಿನಿಂದ ಹೋಗಬೇಕು. ಅದಕ್ಕೆ ರಿಸ್ಟ್ರಿಕ್ಟರ್ ಅಂತಾರೆ. ಒಂದು ರೂಪಾಯಿ ನಾಣ್ಯ ಕೂಡ ಆ ತೂತಲ್ಲಿ ಇಳಿಯಲ್ಲ.

ಲೆಕ್ಕ ಮಾಡೋಣ ಬನ್ನಿ. ಫೋರ್ ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೆ ಒಂದು ಸಲ ಉಸಿರು ಎಳೆಯುತ್ತೆ. 9000 ಆರ್‌ಪಿಎಂ ಅಂದ್ರೆ ಸೆಕೆಂಡಿಗೆ 75 ಉಸಿರು. ಪ್ರತಿ ಉಸಿರಿಗೂ 0.373 ಲೀಟರ್ ತುಂಬಿತು ಅಂದ್ಕೊಂಡ್ರೆ, ಸೆಕೆಂಡಿಗೆ 28 ಲೀಟರ್ ಗಾಳಿ, ತೂಕದಲ್ಲಿ ಸುಮಾರು 34 ಗ್ರಾಂ. 20 ಮಿಮೀ ತೂತು ಗರಿಷ್ಠ ಸುಮಾರು 75 ಗ್ರಾಂ ಬಿಡುತ್ತೆ. ಅಲ್ಲಿ ಗಾಳಿ ಶಬ್ದದ ವೇಗ ಮುಟ್ಟಿದ ಮೇಲೆ ಎಂಜಿನ್ ಎಷ್ಟೇ ಎಳೆದರೂ ಒಂದು ಗ್ರಾಂ ಜಾಸ್ತಿ ಬರಲ್ಲ.

34 ಬೇಕು, 75 ಸಿಗುತ್ತೆ, ಮತ್ತೇನು ಕಷ್ಟ? ಕಷ್ಟ ಇರೋದು ಟೈಮಿಂಗ್‌ನಲ್ಲಿ. ಒಂಟಿ ಸಿಲಿಂಡರ್ ಇಡೀ ಹೊತ್ತು ಎಳೆಯಲ್ಲ. ಒಂದು ಚಕ್ರದ ಸುಮಾರು ಮೂರನೇ ಒಂದು ಭಾಗದಲ್ಲಿ ಎಲ್ಲಾ ಎಳೆದು ಮುಗಿಸುತ್ತೆ. ಹಾಗಾಗಿ ಆ ಕ್ಷಣದಲ್ಲಿ ಅದಕ್ಕೆ ಬೇಕಾಗೋ ವೇಗ ಮೂರು ಪಟ್ಟು, ಅಂದ್ರೆ 100 ಗ್ರಾಂ. ತೂತು ಬಿಡೋದು 75. ಅಲ್ಲಿಗೆ ಎಂಜಿನ್ ಉಸಿರು ಕಟ್ಟಿತು.

3/7
ಇದಕ್ಕೆ ಉತ್ತರ ನಮ್ಮೂರ ಪ್ರತಿ ಮನೇಲೂ ಇದೆ. ನಲ್ಲಿ ಸಣ್ಣಗೆ ಬರುತ್ತೆ, ಆದ್ರೆ ಬೆಳಿಗ್ಗೆ ಸ್ನಾನಕ್ಕೆ ಬಕೆಟ್‌ಗಟ್ಟಲೆ ನೀರು ಒಟ್ಟಿಗೇ ಬೇಕು. ಏನ್ಮಾಡ್ತೀವಿ? ರಾತ್ರಿಯೆಲ್ಲಾ ತೊಟ್ಟಿಗೆ ಬಿಟ್ಟಿರ್ತೀವಿ. ನಲ್ಲಿ ತನ್ನ ಪಾಡಿಗೆ ಸುರೀತಿರುತ್ತೆ, ನಾವು ಬೇಕಾದಾಗ ಮೊಗೆದುಕೊಳ್ತೀವಿ.

ರಿಸ್ಟ್ರಿಕ್ಟರ್ ನಲ್ಲಿ ಆದ್ರೆ ಪ್ಲೀನಮ್ ತೊಟ್ಟಿ. ಫೋಟೋದಲ್ಲಿರೋ ಸೋರೆಕಾಯಿ ಅದೇ. ನಮ್ಮದು 3 ಲೀಟರ್, ಎಂಜಿನ್‌ನ ಎಂಟರಷ್ಟು. ಚಿಕ್ಕದು ಮಾಡಿದ್ರೆ ಉಸಿರು ಕಟ್ಟುತ್ತೆ. ತೀರಾ ದೊಡ್ಡದು ಮಾಡಿದ್ರೆ ಪೆಡಲ್ ತುಳಿದ ಮೇಲೆ ತೊಟ್ಟಿ ತುಂಬೋವರೆಗೂ ಕಾಯಬೇಕು, ಅಷ್ಟರಲ್ಲಿ ತಿರುವು ಮುಗಿದಿರುತ್ತೆ.

ತೂತು ದಾಟಿದ ಮೇಲೆ ಗಾಳಿಗೆ ನಿಧಾನವಾಗಿ ಅಗಲ ಆಗೋ ದಾರಿ ಬೇಕು. ಒಮ್ಮೆಲೇ ಅಗಲ ಮಾಡಿದ್ರೆ ಅದು ಗೋಡೆ ಬಿಟ್ಟು ಸುಳಿ ಹಾಕುತ್ತೆ, ಒತ್ತಡ ಕಳ್ಕೊಳ್ಳುತ್ತೆ. ನಾವು ಒಂದು ಬದಿಗೆ 6 ಡಿಗ್ರಿ ಇಟ್ಟು 20ರಿಂದ 46 ಮಿಮೀಗೆ ಹೋದ್ವಿ. ಅದಕ್ಕೇ 124 ಮಿಮೀ ಉದ್ದ ಬೇಕಾಯ್ತು.

ಕೊನೇ ಪೈಪು ರನ್ನರ್. ಬಾವಿಗೆ ಬಗ್ಗಿ ಕೂಗಿದ್ರೆ ದನಿ ವಾಪಸ್ ಬರುತ್ತಲ್ಲ, ಹಾಗೆ ವಾಲ್ವ್ ತೆರೆದಾಗ ಹುಟ್ಟೋ ಒತ್ತಡದ ಅಲೆ ಪೈಪಲ್ಲಿ ಹೋಗಿ ವಾಪಸ್ ಬರುತ್ತೆ. ವಾಲ್ವ್ ಮುಚ್ಚೋಕೆ ಸ್ವಲ್ಪ ಮುಂಚೆ ಅದು ಬಂದು ತಲುಪಿದ್ರೆ ಒಂದಿಷ್ಟು ಗಾಳಿ ಜಾಸ್ತಿ ತಳ್ಳುತ್ತೆ. ಉದ್ದ ಪೈಪು ಕಡಿಮೆ ಆರ್‌ಪಿಎಂಗೆ, ಗಿಡ್ಡ ಪೈಪು ಜಾಸ್ತಿ ಆರ್‌ಪಿಎಂಗೆ.

4/7
ಹೊರಗಡೆ ಮಾಡಿಸೋಕೆ ಕೊಟೇಶನ್ ತಗೊಂಡ್ವಿ. ರೇಟ್ ನೋಡಿ ಎಲ್ಲರೂ ಸೈಲೆಂಟ್. ಆ ದುಡ್ಡಲ್ಲಿ ಒಂದು ಸೆಟ್ ಟಯರೇ ಬರ್ತಿತ್ತು.

ದಸರಾ ರಜೆಗೆ ಡ್ರಾಯಿಂಗ್ ಹಿಡ್ಕೊಂಡು ಊರಿಗೆ ಬಂದೆ. ಮನೇಲಿ ಈರುಳ್ಳಿ ಕೀಳೋ ಟೈಮ್. ಬೆಳಿಗ್ಗೆ ಹೊಲ, ಮಧ್ಯಾಹ್ನ ಲೇತ್ ಅಂಗಡಿ. ಟ್ರ್ಯಾಕ್ಟರ್ ಬುಷ್, ಬೋರ್‌ವೆಲ್ ಪಂಪಿನ ಶಾಫ್ಟ್ ಕಡೆಯೋ ಅಂಗಡಿ ಅದು. ತ್ರೀ ಫೇಸ್ ಕರೆಂಟ್ ಬಂದಾಗಷ್ಟೇ ಕೆಲಸ. ಅಣ್ಣ ಡ್ರಾಯಿಂಗ್ ನೋಡಿ ಕೇಳಿದ್ದು ಒಂದೇ ಮಾತು: "ಇಪ್ಪತ್ತು ಅಂದ್ರೆ ಇಪ್ಪತ್ತೇನಾ, ಇಲ್ಲ ಇಪ್ಪತ್ತರ ಒಳಗಾ?" ಇಂಥ ಪ್ರಶ್ನೆ ಕೇಳೋ ಮನುಷ್ಯನಿಗೆ ಡ್ರಾಯಿಂಗ್ ವಿವರಿಸೋ ಅಗತ್ಯನೇ ಇರಲ್ಲ. ಅಲ್ಯೂಮಿನಿಯಂ ದಿಮ್ಮಿಯಿಂದ 19.98ಕ್ಕೆ ತೂತು ತೆಗೆದುಕೊಟ್ಟರು.

ಪ್ಲೀನಮ್‌ಗೆ ಥರ್ಮೋಕೋಲ್ ಕೆತ್ತಿ, ಮೇಲೆ ಪ್ಯಾಕಿಂಗ್ ಟೇಪ್ ಸುತ್ತಿ, ಅದರ ಮೇಲೆ ಗ್ಲಾಸ್ ಫೈಬರ್ ಮತ್ತು ಎಪಾಕ್ಸಿ ಪದರ ಹಾಕಿದ್ವಿ. ಗಟ್ಟಿಯಾದ ಮೇಲೆ ಅಸಿಟೋನ್ ಸುರಿದ್ರೆ ಒಳಗಿನ ಥರ್ಮೋಕೋಲ್ ಕರಗಿ ಹೋಗುತ್ತೆ, ಟೊಳ್ಳು ತೊಟ್ಟಿ ಉಳಿಯುತ್ತೆ. ಮಾಡೋರು ಬಯಲಲ್ಲೇ ಮಾಡಿ, ಗ್ಲೌಸ್ ಮಾಸ್ಕ್ ಹಾಕ್ಕೊಂಡು ಮಾಡಿ, ಬೆಂಕಿ ಹತ್ರ ಬೇಡವೇ ಬೇಡ.

5/7
ಡಿಸೆಂಬರ್. ಎಂಜಿನ್ ಸ್ಟಾರ್ಟ್ ಆಯ್ತು, ವರ್ಕ್‌ಶಾಪ್ ತುಂಬಾ ಕಿರುಚಾಟ. ಆಮೇಲೆ ಅಂಗೈ ಟೆಸ್ಟ್. ಎಂಜಿನ್ ಓಡ್ತಿರುವಾಗ ಥ್ರಾಟಲ್ ಬಾಯಿ ಪೂರ್ತಿ ಮುಚ್ಚಬೇಕು, ಎಂಜಿನ್ ಆಫ್ ಆಗಬೇಕು. ಆಫ್ ಆಗದಿದ್ರೆ ಗಾಳಿ ಬೇರೆ ಎಲ್ಲಿಂದಲೋ ಒಳಗೆ ಬರ್ತಿದೆ ಅಂತ ಅರ್ಥ.

ಆಫ್ ಆಗಲಿಲ್ಲ. ತಡವರಿಸ್ತಾ ಓಡ್ತಾನೇ ಇತ್ತು.

ಸೈಕಲ್ ಟ್ಯೂಬ್ ಪಂಕ್ಚರ್ ಹುಡುಕೋ ತರಾನೇ ಹುಡುಕಿದ್ವಿ. ಎಲ್ಲಾ ಬಾಯಿ ಕಟ್ಟಿ, ಒಳಗೆ ಮೆಲ್ಲಗೆ ಗಾಳಿ ಬಿಟ್ಟು, ಮೇಲೆ ಸೋಪಿನ ನೀರು. ಅಲ್ಯೂಮಿನಿಯಂ ಮತ್ತು ಫೈಬರ್ ಸೇರೋ ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆ ಎದ್ವು. ಕಣ್ಣಿಗೂ ಕಾಣದ ಸೂಜಿ ತೂತುಗಳು.

ನಿಜವಾದ ಜಗಳ ಶುರುವಾಗಿದ್ದು ಆಗ. ಒಬ್ಬ ಹೇಳಿದ, "ಬಿಡ್ರೋ, ಅಲ್ಲಿ ಟೆಸ್ಟ್ ಮಾಡಿದ್ರೆ ನೋಡೋಣ. ಇಷ್ಟು ಸೋರಿಕೆಗೆ ಪವರ್ ಏನ್ ಜಾಸ್ತಿ ಬರುತ್ತೆ?" ಇನ್ನೊಬ್ಬ, "ಒಡೆದು ಮತ್ತೆ ಕಟ್ಟಿದ್ರೆ ಟೆಸ್ಟಿಂಗ್‌ಗೆ ಟೈಮೇ ಇರಲ್ಲ." ಎರಡನೇ ಮಾತು ಸುಳ್ಳಲ್ಲ. ಟೆಸ್ಟ್ ಮಾಡದ ಕಾರು ಟ್ರ್ಯಾಕ್‌ನಲ್ಲಿ ನಿಂತ್ರೆ ಇಡೀ ವರ್ಷ ನೀರಲ್ಲಿ ಹೋಮ.

6/7
ನನಗೆ ಎರಡು ವಿಷಯ ತಲೇಲಿತ್ತು.

ಒಂದು, 1995. ವಿಶ್ವ ರ್‍ಯಾಲಿಯಲ್ಲಿ ಟೊಯೊಟಾ ಟೀಮ್. ಅಲ್ಲೂ ಟರ್ಬೋಗೆ ರಿಸ್ಟ್ರಿಕ್ಟರ್ ಕಡ್ಡಾಯ. ಅವರು ಹೋಸ್ ಕ್ಲಿಪ್ ಬಿಗಿ ಮಾಡಿದಾಗ ರಿಸ್ಟ್ರಿಕ್ಟರ್ ಸರಿದು, ಪಕ್ಕದಿಂದ ಗಾಳಿ ನುಗ್ಗೋ ಹಾಗೆ ಮಾಡಿದ್ರು. ಬಿಚ್ಚಿದ್ರೆ ಮತ್ತೆ ಸರಿಯಾಗಿ ಕೂತಿರುವಂತೆ ಕಾಣ್ತಿತ್ತು. ಸ್ಪೇನ್‌ನ ಕ್ಯಾಟಲೂನ್ಯಾ ರ್‍ಯಾಲಿಯಲ್ಲಿ ಸಿಕ್ಕಿಬಿದ್ರು. ಆ ವರ್ಷದ ಅಂಕಗಳೆಲ್ಲಾ ಹೋದವು, ಒಂದು ವರ್ಷ ನಿಷೇಧ. ಆ ಟೀಮಲ್ಲಿದ್ದ ಯುಹಾ ಕಂಕುನೆನ್ ನಾಲ್ಕು ಸಲ ವಿಶ್ವ ಚಾಂಪಿಯನ್. ಅಷ್ಟು ದೊಡ್ಡವರಿಗೇ ಪಕ್ಕದ ಬಾಗಿಲು ದುಬಾರಿ ಆಯ್ತು. ನಮ್ಮ ತೂತು ನಾವು ಬೇಕಂತ ಮಾಡಿದ್ದಲ್ಲ. ಆದ್ರೆ ಗೊತ್ತಾದ ಮೇಲೂ ಹಾಗೇ ಬಿಟ್ರೆ ಅದೂ ಬೇಕಂತ ಮಾಡಿದ ಹಾಗೇ.

ಎರಡು, ಅಪ್ಪ ಫೋನಲ್ಲಿ ಹೇಳಿದ್ದು. ಅವರಿಗೆ ರ್‍ಯಾಲಿ ಗೊತ್ತಿಲ್ಲ, ಟ್ರ್ಯಾಕ್ಟರ್ ಗೊತ್ತು. "ಏರ್ ಕ್ಲೀನರ್ ಆದ್ಮೇಲಿನ ಹೋಸ್ ಸೀಳಿದ್ರೆ ಗಾಡಿ ನಿಲ್ಲಲ್ಲ ಮಗ, ಓಡುತ್ತೆ. ಧೂಳು ತಿಂದ್ಕೊಂಡು ಓಡುತ್ತೆ. ಆಮೇಲೆ ರಿಂಗು, ಲೈನರು ಎಲ್ಲಾ ಸವೆದು ಒಂದಿನ ಒಟ್ಟಿಗೇ ಬಿಲ್ ಬರುತ್ತೆ."

ನಾನು ಟೀಮಿಗೆ ಟೊಯೊಟಾ ಕಥೆ ಹೇಳಿದೆ. ಯಾರೂ ಅಲ್ಲಾಡಲಿಲ್ಲ. ಅಪ್ಪನ ಮಾತು ಹೇಳಿದೆ. ಆಗ ಟೈಮ್ ಇಲ್ಲ ಅಂದಿದ್ದವನೇ ಎದ್ದು ಬ್ಲೇಡ್ ತಂದ.

7/7
ಅಂಚು ಪೂರ್ತಿ ಕತ್ತರಿಸಿದ್ವಿ. ಅಲ್ಯೂಮಿನಿಯಂ ಮೇಲ್ಮೈ ಸ್ಯಾಂಡ್‌ಪೇಪರ್‌ನಿಂದ ಉಜ್ಜಿ, ಅಸಿಟೋನ್‌ನಲ್ಲಿ ಒರೆಸಿ ಮತ್ತೆ ಅಂಟಿಸಿದ್ವಿ. ಹೊರಗೆ ಎರಡು ಪದರ ಜಾಸ್ತಿ. ಎರಡು ರಾತ್ರಿ ಹೋದವು, ಟೆಸ್ಟಿಂಗ್‌ನ ಎರಡು ದಿನವೂ ಹೋದವು. ಮೂರು ಉದ್ದದ ರನ್ನರ್ ಟ್ರೈ ಮಾಡ್ಬೇಕು ಅಂದ್ಕೊಂಡಿದ್ವಿ, ಒಂದೇ ಆಯ್ತು.

ಮತ್ತೆ ಸ್ಟಾರ್ಟ್. ಅಂಗೈ ಇಟ್ಟೆ. ಚರ್ಮ ಒಳಗೆ ಎಳೆದ ಹಾಗಾಯ್ತು, ಟಕ್ ಅಂತ ಎಂಜಿನ್ ನಿಂತುಹೋಯ್ತು. ಎಂಜಿನ್ ಆಫ್ ಆಗಿದ್ದಕ್ಕೆ ಚಪ್ಪಾಳೆ ಹೊಡೆದ ಜನ ನಾವೇ ಇರಬೇಕು.

ಕೊಯಮತ್ತೂರಿನಲ್ಲಿ ಇನ್‌ಸ್ಪೆಕ್ಟರ್ ಗೇಜ್ ಹಾಕಿ ನೋಡಿದ್ರು, ಅಂಗೈ ಟೆಸ್ಟ್ ಕೂಡ ಮಾಡಿದ್ರು. ಒಂದು ಸೆಕೆಂಡು. ಟಿಕ್ ಹಾಕಿ ಮುಂದೆ ಹೋದ್ರು. ಕಪ್ ಏನೂ ಬರಲಿಲ್ಲ, ಮಧ್ಯದಲ್ಲೆಲ್ಲೋ ಮುಗಿಸಿದ್ವಿ. ಕಾರು ಮಾತ್ರ ಎಲ್ಲೂ ನಿಲ್ಲಲಿಲ್ಲ.

ಕಾಲೇಜ್ ಟೀಮ್ ಸೇರೋಕೆ ಭಯ ಪಡ್ತಿರೋ ಕನ್ನಡ ಮೀಡಿಯಂ ತಮ್ಮಂದಿರು, ತಂಗಿಯರಿಗೆ ಒಂದು ಮಾತು. ಇಂಗ್ಲಿಷ್ ಪದಗಳು ಮೂರು ತಿಂಗಳಲ್ಲಿ ಬರ್ತವೆ. ತೊಟ್ಟಿ, ಬಾವಿ, ಪಂಕ್ಚರ್ ಅಂಗಡಿಯ ಸೋಪಿನ ನೀರು ನಿಮಗೆ ಆಗಲೇ ಗೊತ್ತು. ಡೌಟ್ ಇದ್ರೆ ಕಾಮೆಂಟ್‌ನಲ್ಲಿ ಕೇಳಿ, ಡ್ರಾಯಿಂಗ್ ಬೇಕಾದ್ರೆ ಡಿಎಂ ಮಾಡಿ, ಕಳಿಸ್ತೀನಿ. ಮುಂದಿನ ಸೀರೀಸ್ ಸೈಲೆನ್ಸರ್ ಬಗ್ಗೆ.

#ಶಿವನಿ #ಅಜ್ಜಂಪುರ #ಫಾರ್ಮುಲಾಸ್ಟೂಡೆಂಟ್ #ಕನ್ನಡದಲ್ಲಿಎಂಜಿನಿಯರಿಂಗ್